ಬಲದ ಮಿತಿಯನ್ನು ಬಲ್ಲ ವಿದ್ವಾಂಸ

ಕೆಲವು ವಿದ್ವಾಂಸರ ಪಾಡು ವಿಚಿತ್ರವಾದುದು. ಜೀವಮಾನವಿಡೀ ಬರೆದದ್ದು ಪಠ್ಯಪುಸ್ತಕದ ಒಂದು ಸಾಲಿಗೆ ಇಳಿದು, ಕೊನೆಗೆ ಆ ಸಾಲೇ ಅವರ ಗುರುತಾಗಿ ಉಳಿದುಬಿಡುತ್ತದೆ. ಹಾನ್ಸ್ ಮಾರ್ಗೆಂಥೋ ಅವರಿಗೆ ಆಗಿರುವುದೂ ಅದೇ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ರಾಜ್ಯಶಾಸ್ತ್ರ ಓದಿದ ಯಾರನ್ನೇ ಕೇಳಿ, ಅಂತರರಾಷ್ಟ್ರೀಯ ರಾಜಕಾರಣವೆಂದರೆ ಅಧಿಕಾರಕ್ಕಾಗಿ ನಡೆಯುವ ಹೋರಾಟ ಎಂದು ಸಾರಿದವರು ಎಂಬ ಉತ್ತರ ತಡವಿಲ್ಲದೆ ಬರುತ್ತದೆ. ನೀತಿ, ಕಾನೂನು, ವಿಶ್ವಶಾಂತಿಯ ಮಾತುಗಳನ್ನೆಲ್ಲ ಬದಿಗೊತ್ತಿ ಬಲವನ್ನೇ ಆರಾಧಿಸಿದ ಆಧುನಿಕ ಕೌಟಿಲ್ಯ ಎಂಬ ಚಿತ್ರ ಅದರ ಹಿಂದಿರುತ್ತದೆ. ಕೌಟಿಲ್ಯನಿಗೂ ಇದರಿಂದ ನ್ಯಾಯ ದೊರೆತಿಲ್ಲ, ಆ ಮಾತು ಬೇರೆ. ಅಮೆರಿಕದ ಸೇನಾಬಲಕ್ಕೆ ಜಗತ್ತಿನಲ್ಲಿ ಸಾಟಿಯೇ ಇಲ್ಲ ಎಂದು ವಾಷಿಂಗ್ಟನ್ ನಂಬಿದ್ದ 1965ರಲ್ಲಿ, ಆ ಬಲ ವಿಯೆಟ್ನಾಂನ ನೆಲದಲ್ಲಿ ನಿಷ್ಫಲವಾಗುತ್ತದೆ ಎಂದು ಬಹಿರಂಗವಾಗಿ ಹೇಳಿ, ಅದಕ್ಕಾಗಿ ಸರ್ಕಾರದ ಸಲಹೆಗಾರನ ಸ್ಥಾನವನ್ನು ಕಳೆದುಕೊಂಡವರು ಇದೇ ಮಾರ್ಗೆಂಥೋ ಎಂಬುದು ಪಠ್ಯಪುಸ್ತಕದ ಆ ಸಾಲಿನಿಂದ ತಿಳಿಯುವುದಿಲ್ಲ.

ಅವರು ಹುಟ್ಟಿದ್ದು 1904ರ ಫೆಬ್ರುವರಿ 17ರಂದು, ಜರ್ಮನಿಯ ಕೋಬರ್ಗ್ ಎಂಬ ಸಣ್ಣ ಪಟ್ಟಣದಲ್ಲಿ. ತಂದೆ ಯಹೂದಿ ವೈದ್ಯ. ಶಿಸ್ತಿನ, ಬಿಗುಮಾನದ ಮನುಷ್ಯ. ಹಾನ್ಸ್ ಒಬ್ಬನೇ ಮಗ. ಕೋಬರ್ಗ್ ಆ ಕಾಲದಲ್ಲಿ ಒಂದು ಕುಖ್ಯಾತಿಯನ್ನು ಗಳಿಸಿಕೊಳ್ಳುತ್ತಿತ್ತು. 1922ರ ಅಕ್ಟೋಬರ್‌ನಲ್ಲಿ ಹಿಟ್ಲರ್ ತನ್ನ ಹಿಂಬಾಲಕರೊಂದಿಗೆ ಅಲ್ಲಿನ ಬೀದಿಗಳಲ್ಲಿ ಮೆರವಣಿಗೆ ನಡೆಸಿದ್ದ. 1929ರಲ್ಲಿ ಜರ್ಮನಿಯಲ್ಲೇ ಮೊದಲ ಬಾರಿಗೆ ನಾಜಿಗಳು ನಗರಸಭೆಯೊಂದರಲ್ಲಿ ಬಹುಮತ ಪಡೆದದ್ದೂ ಇಲ್ಲಿಯೇ. ಹಿಟ್ಲರ್ ಎಂಬ ಹೆಸರು ಜಗತ್ತಿಗೆ ಪರಿಚಯವಾಗುವುದಕ್ಕೆ ಬಹಳ ಮುಂಚೆಯೇ ಆ ಪಟ್ಟಣದ ಯಹೂದಿ ಮಕ್ಕಳಿಗೆ ಆತನ ರಾಜಕಾರಣದ ಬಿಸಿ ತಟ್ಟಿತ್ತು.

ಹಾನ್ಸ್ ಓದುತ್ತಿದ್ದ ಶಾಲೆಯ ಸ್ಥಾಪಕ ಹಳೆಯ ಕಾಲದ ಒಬ್ಬ ಡ್ಯೂಕ್. ವರ್ಷಕ್ಕೊಮ್ಮೆ ಆ ಸ್ಥಾಪಕನ ಪ್ರತಿಮೆಗೆ ಹೂಮಾಲೆ ತೊಡಿಸಿ ಭಾಷಣ ಮಾಡುವ ಗೌರವ ಪ್ರತಿಭಾವಂತ ವಿದ್ಯಾರ್ಥಿಗೆ ಸಲ್ಲುತ್ತಿತ್ತು. 1922ರಲ್ಲಿ ಆ ಸರದಿ ಹಾನ್ಸ್‌ಗೆ ಬಂತು. ಯಹೂದಿ ಹುಡುಗನಿಗೆ ಈ ಗೌರವವೇ ಎಂದು ಊರಿನಲ್ಲಿ ಕರಪತ್ರಗಳು ಹಂಚಿಕೆಯಾದವು. ಸಮಾರಂಭದ ದಿನ ದಾರಿಯುದ್ದಕ್ಕೂ ಬೈಗುಳ. ಸಿಂಹಾಸನ ಕಳೆದುಕೊಂಡಿದ್ದ ಮಾಜಿ ಡ್ಯೂಕ್ ಕಾರ್ಲ್ ಎಡ್ವರ್ಡ್ ಮುಂದಿನ ಸಾಲಿನಲ್ಲಿ ಕುಳಿತು, ಹುಡುಗ ಮಾತನಾಡಿ ಮುಗಿಸುವವರೆಗೆ ಮೂಗು ಹಿಡಿದುಕೊಂಡಿದ್ದ. ಈ ಡ್ಯೂಕ್ ಬ್ರಿಟನ್ನಿನ ವಿಕ್ಟೋರಿಯಾ ರಾಣಿಯ ಮೊಮ್ಮಗ. ಮುಂದೆ ನಾಜಿ ಪಕ್ಷವನ್ನು ಸೇರಿದವನು. ಬಹುಶಃ ತಮ್ಮ ಬದುಕಿನಲ್ಲೇ ಅದಕ್ಕಿಂತ ಕೆಟ್ಟ ದಿನವಿರಲಿಲ್ಲ ಎಂದು ಮಾರ್ಗೆಂಥೋ ವೃದ್ಧಾಪ್ಯದಲ್ಲಿ ನೆನೆಸಿಕೊಂಡಿದ್ದರು. ಅಧಿಕಾರದ ಸ್ವರೂಪವನ್ನು ಕುರಿತು ಇಪ್ಪತ್ತನೇ ಶತಮಾನದ ಬಹುಚರ್ಚಿತ ಗ್ರಂಥವೊಂದನ್ನು ಬರೆದವರು ಅಧಿಕಾರವನ್ನು ಮೊದಲು ಕಂಡದ್ದು ಹೀಗೆ, ಅದರ ಕೆಳಗೆ ನಿಂತು.

ಸಾಹಿತ್ಯದ ಕಡೆಗೆ ಒಲವಿದ್ದ ಹುಡುಗ ತಂದೆಯ ಒತ್ತಾಯಕ್ಕೆ ಕಾನೂನು ಓದಬೇಕಾಯಿತು. ಫ್ರಾಂಕ್‌ಫರ್ಟ್‌ನಲ್ಲಿ ಹ್ಯೂಗೋ ಸಿನ್ಜ್‌ಹೈಮರ್ ಅವರ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಸಿನ್ಜ್‌ಹೈಮರ್ ವೈಮಾರ್ ಗಣರಾಜ್ಯದ ಸಂವಿಧಾನದಲ್ಲಿ ಕಾರ್ಮಿಕರ ಹಕ್ಕುಗಳನ್ನು ಬರೆದವರಲ್ಲಿ ಪ್ರಮುಖರು, ಸಮಾಜವಾದಿ. ಕಾರ್ಮಿಕ ನ್ಯಾಯಾಲಯದ ಕೆಲಸದಲ್ಲಿ ತರುಣ ವಕೀಲ ಒಂದು ಸಂಗತಿಯನ್ನು ಗಮನಿಸಿದರು: ಕಾಗದದ ಮೇಲಿನ ಕಾನೂನು ಎಷ್ಟೇ ನ್ಯಾಯಸಮ್ಮತವಾಗಿರಲಿ, ಅದರ ಫಲವನ್ನು ತೀರ್ಮಾನಿಸುತ್ತಿದ್ದುದು ಎರಡೂ ಪಕ್ಷಗಳ ಸಾಮಾಜಿಕ ಬಲಾಬಲ ಮತ್ತು ನ್ಯಾಯಾಧೀಶರ ಒಲವು. ಅಂತರರಾಷ್ಟ್ರೀಯ ನ್ಯಾಯನಿರ್ಣಯದ ಮಿತಿಗಳನ್ನು ಕುರಿತ ಅವರ ಡಾಕ್ಟರೇಟ್ ಪ್ರಬಂಧ 1929ರಲ್ಲಿ ಪ್ರಕಟವಾಯಿತು. ರಾಷ್ಟ್ರಗಳ ನಡುವಿನ ಕೆಲವು ತಕರಾರುಗಳು ಕಾನೂನಿನ ಚೌಕಟ್ಟಿಗೆ ಒಗ್ಗುವುದೇ ಇಲ್ಲ, ಅವುಗಳ ಬೇರು ರಾಜಕೀಯದಲ್ಲಿದೆ ಎಂಬುದು ಅದರ ವಾದ.

ಆ ಪ್ರಬಂಧವನ್ನು ಮೆಚ್ಚಿದವರಲ್ಲಿ ಕಾರ್ಲ್ ಶ್ಮಿಟ್ ಒಬ್ಬರು. ಜರ್ಮನಿಯ ಅತ್ಯಂತ ಪ್ರಭಾವಿ ಸಂವಿಧಾನ ತಜ್ಞರಾಗಿದ್ದ ಶ್ಮಿಟ್ ಮುಂದೆ ಹಿಟ್ಲರನ ಆಡಳಿತಕ್ಕೆ ಕಾನೂನಿನ ಸಮರ್ಥನೆ ಒದಗಿಸಿದವರು. ಬರ್ಲಿನ್‌ನಲ್ಲಿ ಅವರನ್ನು ಕಂಡು ಮೆಟ್ಟಿಲಿಳಿದು ಬರುವಾಗ, ಜೀವಂತವಿರುವ ಅತ್ಯಂತ ದುಷ್ಟ ಮನುಷ್ಯನನ್ನು ಈಗಷ್ಟೇ ನೋಡಿಬಂದೆ ಎಂದು ಮಾರ್ಗೆಂಥೋ ಅವರಿಗೆ ಅನ್ನಿಸಿತಂತೆ. ತಮ್ಮ ಪ್ರಬಂಧದ ವಿಚಾರಗಳನ್ನು ಶ್ಮಿಟ್ ಹೆಸರು ಹೇಳದೆ ಬಳಸಿಕೊಂಡರು ಎಂಬ ದೂರೂ ಅವರಿಗಿತ್ತು. ರಾಜಕೀಯವನ್ನು ಬಲದ ಭಾಷೆಯಲ್ಲಿ ವಿವರಿಸುವ ಇಬ್ಬರು ವಿದ್ವಾಂಸರು. ಒಬ್ಬರು ಆ ವಿವರಣೆಯನ್ನು ಪ್ರಭುತ್ವದ ಸೇವೆಗೆ ಒಪ್ಪಿಸಿದರು. ಇನ್ನೊಬ್ಬರ ಮುಂದಿನ ಬದುಕಿನಲ್ಲಿ ಈ ಭೇಟಿಯ ನೆರಳು ಉದ್ದಕ್ಕೂ ಕಾಣುತ್ತದೆ.

1932ರಲ್ಲಿ ಪಾಠ ಹೇಳಲು ಜಿನೀವಾಕ್ಕೆ ಹೋದರು. ಮರುವರ್ಷ ಹಿಟ್ಲರ್ ಅಧಿಕಾರಕ್ಕೆ ಬಂದ. ಮರಳುವ ದಾರಿ ಮುಚ್ಚಿತು. ಜಿನೀವಾದಲ್ಲೂ ಜರ್ಮನ್ ವಿದ್ಯಾರ್ಥಿಗಳ ವಿರೋಧ, ವಿಶ್ವವಿದ್ಯಾಲಯದ ಅರ್ಹತಾ ಪ್ರಬಂಧ ಮೊದಲ ಪರೀಕ್ಷಕರಿಂದ ತಿರಸ್ಕೃತ. ಆಗ ನೆರವಿಗೆ ಬಂದವರು ಸ್ವತಃ ಜರ್ಮನಿಯಿಂದ ಹೊರದೂಡಲ್ಪಟ್ಟು ಅಲ್ಲಿಗೆ ಬಂದಿದ್ದ ಮಹಾನ್ ನ್ಯಾಯಶಾಸ್ತ್ರಜ್ಞ ಹಾನ್ಸ್ ಕೆಲ್ಸನ್. ಪ್ರಬಂಧ ಕೆಲ್ಸನ್ ಅವರ ಸಿದ್ಧಾಂತವನ್ನೇ ವಿಮರ್ಶಿಸಿತ್ತು. ಆದರೂ ಅವರು ಅದನ್ನು ಎತ್ತಿಹಿಡಿದರು. ಅಲ್ಲಿಂದ 1935ರಲ್ಲಿ ಮ್ಯಾಡ್ರಿಡ್. ಅದೇ ವರ್ಷ ಇರ್ಮಾ ಥಾರ್ಮನ್ ಅವರೊಡನೆ ಮದುವೆ. ಹೊಸ ಸಂಸಾರ ಬೇರು ಬಿಡುವ ಮೊದಲೇ, 1936ರ ಜುಲೈಯಲ್ಲಿ ದಂಪತಿ ಊರಿನಲ್ಲಿಲ್ಲದಾಗ ಸ್ಪೇನಿನ ಅಂತರ್ಯುದ್ಧ ಸ್ಫೋಟಿಸಿತು. ಮನೆ, ಸಾಮಾನು, ಪುಸ್ತಕಗಳು ಕೈತಪ್ಪಿದವು. ಒಂದು ವರ್ಷ ಯೂರೋಪಿನ ಊರೂರು ಅಲೆದು 1937ರ ಜುಲೈಯಲ್ಲಿ ಅಮೆರಿಕದ ಹಡಗು ಹತ್ತಿದಾಗ ಮಾರ್ಗೆಂಥೋ ಅವರಿಗೆ 33 ವರ್ಷ. ಮೂರು ದೇಶಗಳಲ್ಲಿ ವೃತ್ತಿ ಕಟ್ಟಿ ಮೂರನ್ನೂ ಕಳೆದುಕೊಂಡಾಗಿತ್ತು.

ನ್ಯೂಯಾರ್ಕಿನ ಬ್ರೂಕ್ಲಿನ್ ಕಾಲೇಜಿನಲ್ಲಿ ಎರಡು ವರ್ಷ, ಕಾನ್ಸಾಸ್ ಸಿಟಿಯಲ್ಲಿ ನಾಲ್ಕು ವರ್ಷ ಅಧ್ಯಾಪನ. ನಲವತ್ತರ ಹೊಸ್ತಿಲಲ್ಲಿ, 1943ರಲ್ಲಿ, ಷಿಕಾಗೊ ವಿಶ್ವವಿದ್ಯಾಲಯ ಕರೆಸಿಕೊಂಡಿತು. ಅದೇ ವರ್ಷ ಅಮೆರಿಕದ ಪೌರತ್ವವೂ ದೊರೆಯಿತು. ಮುಂದಿನ ಸುಮಾರು ಮೂರು ದಶಕ ಷಿಕಾಗೊ ಅವರ ನೆಲೆ. ಅಮೆರಿಕದ ವಿದೇಶಾಂಗ ನೀತಿಯ ಅಧ್ಯಯನಕ್ಕೆಂದೇ ಅಲ್ಲಿ ಒಂದು ಕೇಂದ್ರವನ್ನು ಅವರು ಕಟ್ಟಿದರು.

ಆ ಕಾಲದ ಅಮೆರಿಕದ ಮನಃಸ್ಥಿತಿಯನ್ನು ಇಲ್ಲಿ ನೆನೆಯಬೇಕು. ಎರಡು ಯುದ್ಧಗಳ ನಡುವಿನ ಅವಧಿಯಲ್ಲಿ ಅಲ್ಲಿನ ವಿದ್ವಾಂಸರು ರಾಷ್ಟ್ರಸಂಘ, ನಿಶ್ಶಸ್ತ್ರೀಕರಣ ಸಮ್ಮೇಳನ, ಯುದ್ಧವನ್ನೇ ಕಾನೂನುಬಾಹಿರಗೊಳಿಸಿದ 1928ರ ಕೆಲಾಗ್-ಬ್ರಿಯಾಂಡ್ ಒಪ್ಪಂದ ಇತ್ಯಾದಿಗಳಲ್ಲಿ ಶ್ರದ್ಧೆಯಿಟ್ಟಿದ್ದರು. ಸರಿಯಾದ ಕಾನೂನು, ಸರಿಯಾದ ಸಂಸ್ಥೆ, ಸರಿಯಾದ ತಿಳಿವಳಿಕೆ ಇದ್ದರೆ ಕಲಹ ಕರಗಿಹೋಗುತ್ತದೆ ಎಂಬ ನಂಬಿಕೆ. ಸಂವಿಧಾನವೆಂಬ ಸುಂದರ ಕಾಗದದ ಮೇಲೆ ನಿಂತಿದ್ದ ವೈಮಾರ್ ಗಣರಾಜ್ಯ ಕುಸಿದದ್ದನ್ನು ಕಣ್ಣಾರೆ ಕಂಡ ನಿರಾಶ್ರಿತನಿಗೆ ಇದು ಮಕ್ಕಳಾಟಿಕೆಯಂತೆ ತೋರಿದ್ದರೆ ಅಚ್ಚರಿಯಿಲ್ಲ. 1946ರಲ್ಲಿ ಬಂದ ಅವರ ಮೊದಲ ಇಂಗ್ಲಿಷ್ ಪುಸ್ತಕ ಈ ನಂಬಿಕೆಯ ಮೇಲಿನ ದಾಳಿ. ಎರಡು ವರ್ಷಗಳ ಬಳಿಕ, 1948ರಲ್ಲಿ, ‘ಪಾಲಿಟಿಕ್ಸ್ ಅಮಾಂಗ್ ನೇಷನ್ಸ್’ ಪ್ರಕಟವಾಯಿತು. ಶೀತಲ ಸಮರದ ಬಾಗಿಲಲ್ಲಿ ನಿಂತಿದ್ದ ಅಮೆರಿಕ, ಜಾಗತಿಕ ಶಕ್ತಿಯಾಗಿ ವರ್ತಿಸುವುದು ಹೇಗೆಂದು ಹುಡುಕುತ್ತಿದ್ದ ಹೊತ್ತು ಅದು. ಪುಸ್ತಕ ಒಂದು ಶಾಸ್ತ್ರದ ಅಡಿಪಾಯವೆಂಬಂತೆ ಸ್ವೀಕೃತವಾಯಿತು.

ಆ ಗ್ರಂಥವನ್ನು ನಾವು ಓದಿರುವ ರೀತಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಪರೀಕ್ಷೆಗಳಲ್ಲಿ ತಪ್ಪದೆ ಕಾಣಿಸಿಕೊಳ್ಳುವ ರಾಜಕೀಯ ವಾಸ್ತವವಾದದ ಆರು ತತ್ವಗಳು ಮೊದಲ ಮುದ್ರಣದಲ್ಲಿ ಇರಲೇ ಇಲ್ಲ. ಅವು ಸೇರಿದ್ದು 1954ರ ಎರಡನೇ ಆವೃತ್ತಿಯಲ್ಲಿ. ಮಾನವ ಸ್ವಭಾವದ ನಿಯಮಗಳನ್ನು ಅರಸಿದ ಪ್ರಾಚೀನ ಪರಂಪರೆಗಳ ಪೈಕಿ ಚೀನಾ, ಗ್ರೀಸ್‌ಗಳ ಜೊತೆ ಭಾರತವನ್ನೂ ಅವರು ಅಲ್ಲಿ ಹೆಸರಿಸುತ್ತಾರೆ. ನಮ್ಮ ಅಧ್ಯಾಪಕರು ಕೌಟಿಲ್ಯನ ಸಪ್ತಾಂಗ, ಮಂಡಲ ಸಿದ್ಧಾಂತಗಳನ್ನು ಈ ಆರು ತತ್ವಗಳ ಪಕ್ಕದಲ್ಲಿಟ್ಟು ಪಾಠ ಮಾಡುವುದಕ್ಕೆ ಅದೂ ಒಂದು ನೆಪವಾಯಿತು. ಆದರೆ ಐದನೆಯ ತತ್ವವನ್ನು ಗಮನಿಸಿ ಓದಿದವರು ವಿರಳ. ಯಾವುದೇ ಒಂದು ರಾಷ್ಟ್ರ ತನ್ನ ಆಕಾಂಕ್ಷೆಗಳನ್ನೇ ವಿಶ್ವದ ನೈತಿಕ ನಿಯಮವೆಂದು ಬಿಂಬಿಸಿಕೊಳ್ಳುವಂತಿಲ್ಲ ಎನ್ನುತ್ತದೆ ಅದು. ಪ್ರತಿ ರಾಷ್ಟ್ರಕ್ಕೂ ತನ್ನದೇ ಹಿತಾಸಕ್ತಿ ಇದೆ ಎಂದು ಒಪ್ಪಿದಾಗ ಮಾತ್ರ ಎದುರಾಳಿಯ ಹಿತಾಸಕ್ತಿಯನ್ನೂ ಗೌರವಿಸಲು ಸಾಧ್ಯ. ದೇವರು ನಮ್ಮ ಕಡೆಗಿದ್ದಾನೆ ಎಂದು ನಂಬಿದವರು ರಾಜಿ ಮಾಡಿಕೊಳ್ಳಲಾರರು. ಹೀಗೆ ನೋಡಿದರೆ ಹಿತಾಸಕ್ತಿಯ ಸಿದ್ಧಾಂತ ಅವರಿಗೆ ಸಂಯಮದ ಸಾಧನವಾಗಿತ್ತು. ಗ್ರಂಥದ ಉಪಶೀರ್ಷಿಕೆಯಲ್ಲೂ ಅಧಿಕಾರದ ಪಕ್ಕದಲ್ಲೇ ಶಾಂತಿಯ ಹೆಸರಿದೆ.

ಗ್ರಂಥದ ಕೊನೆಯ ಭಾಗ ರಾಜತಾಂತ್ರಿಕತೆಗೆ ಮೀಸಲು. ರಾಜತಾಂತ್ರಿಕತೆ ಧರ್ಮಯುದ್ಧದ ಆವೇಶವನ್ನು ತೊರೆಯಬೇಕು, ಜಗತ್ತನ್ನು ಎದುರಾಳಿಯ ಕಣ್ಣಿನಿಂದಲೂ ನೋಡಬೇಕು, ಮುಖಭಂಗವಿಲ್ಲದೆ ಹಿಂದಕ್ಕೆ ಸರಿಯಲಾಗದ ಜಾಗದಲ್ಲಿ ಎಂದೂ ಹೋಗಿ ನಿಲ್ಲಬಾರದು, ದುರ್ಬಲ ಮಿತ್ರನೊಬ್ಬ ನಮ್ಮ ಪರವಾಗಿ ನಿರ್ಧಾರ ಕೈಗೊಳ್ಳುವಂತಾಗಬಾರದು, ಸೇನೆ ವಿದೇಶಾಂಗ ನೀತಿಯ ಉಪಕರಣವಾಗಿರಬೇಕೇ ಹೊರತು ಒಡೆಯನಾಗಬಾರದು ಎಂಬಂಥ ಸೂತ್ರಗಳು ಅಲ್ಲಿವೆ. ತರಗತಿಯಲ್ಲಿ ಓದಿದಾಗ ಇವು ಹಿರಿಯರ ಬುದ್ಧಿಮಾತಿನಂತೆ ಸಪ್ಪೆಯಾಗಿ ಕೇಳಿಸುತ್ತವೆ. ಹದಿನೈದಿಪ್ಪತ್ತು ವರ್ಷಗಳಲ್ಲಿ ಅಮೆರಿಕ ಇವುಗಳಲ್ಲಿ ಒಂದನ್ನೂ ಬಿಡದೆ ಮುರಿಯಲಿತ್ತು.

1949ರಿಂದ ವಾಷಿಂಗ್ಟನ್ನಿನ ಬಾಗಿಲುಗಳು ಅವರಿಗೆ ತೆರೆದಿದ್ದವು. ಜಾರ್ಜ್ ಕೆನನ್ ನೇತೃತ್ವದ ವಿದೇಶಾಂಗ ಇಲಾಖೆಯ ನೀತಿ ಯೋಜನಾ ವಿಭಾಗಕ್ಕೆ ಸಲಹೆಗಾರರಾದರು. ಪಶ್ಚಿಮ ಯೂರೋಪಿನಲ್ಲಿ ಸೋವಿಯತ್ ವಿಸ್ತರಣೆಯನ್ನು ತಡೆಯಬೇಕೆಂಬುದರಲ್ಲಿ ಅವರಿಗೆ ಸಂದೇಹವಿರಲಿಲ್ಲ. ಆದರೆ ಟ್ರೂಮನ್ ಸಿದ್ಧಾಂತ ಗ್ರೀಸ್, ಟರ್ಕಿಗಳ ನೆರವಿನ ಪ್ರಶ್ನೆಯನ್ನು ಇಡೀ ಜಗತ್ತಿನ ಸ್ವಾತಂತ್ರ್ಯದ ಹೋರಾಟವಾಗಿ ಹಿಗ್ಗಿಸಿದ್ದು ಅವರಿಗೆ ಹಿಡಿಸಲಿಲ್ಲ. ರಾಷ್ಟ್ರೀಯ ಹಿತಾಸಕ್ತಿಯನ್ನು ಕುರಿತು 1951ರಲ್ಲಿ ಬರೆದ ಪುಸ್ತಕದಲ್ಲಿ, ಎಲ್ಲೆಡೆ ಎಲ್ಲರನ್ನೂ ಕಾಪಾಡುತ್ತೇವೆಂಬ ಭರವಸೆ ಕೊನೆಗೆ ಎಲ್ಲೆಂದರಲ್ಲಿ ಯುದ್ಧಕ್ಕೆ ಎಳೆಯುತ್ತದೆ ಎಂದು ಎಚ್ಚರಿಸಿದರು. ಏಷ್ಯಾದ ದುರ್ಬಲ ಸರ್ಕಾರಗಳನ್ನು ಸೀಟೊದಂಥ ಸೈನಿಕ ಕೂಟಗಳಲ್ಲಿ ಕಟ್ಟಿಹಾಕುವ ನೀತಿಯನ್ನೂ ಟೀಕಿಸಿದರು.

ವಿಯೆಟ್ನಾಂ ಕತೆ ಅವರಿಗೆ ಆರಂಭವಾಗುವುದು 1955ರಲ್ಲಿ, ಸೈಗಾನ್‌ಗೆ ಭೇಟಿಕೊಟ್ಟು ನೋ ಡಿನ್ ಡಿಯೆಮ್ ಅವರೊಡನೆ ಮಾತನಾಡಿದಾಗ. ಇಲ್ಲಿ ಅವರ ದಾಖಲೆ ಅಷ್ಟೇನೂ ನಿಷ್ಕಳಂಕವಲ್ಲ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಡಿಯೆಮ್‌ಗೆ ಬೆಂಬಲ ಸಂಘಟಿಸುತ್ತಿದ್ದ ಅಮೆರಿಕನ್ನರ ಸಂಘದಲ್ಲಿ ಅವರೂ ಕೆಲಕಾಲ ಸದಸ್ಯರಾಗಿದ್ದರು. ಜಿನೀವಾ ಒಪ್ಪಂದದಂತೆ 1956ರಲ್ಲಿ ನಡೆಯಬೇಕಿದ್ದ ಚುನಾವಣೆಯನ್ನು ಡಿಯೆಮ್ ನಡೆಸದಿದ್ದುದನ್ನು, ಮುಕ್ತ ಚುನಾವಣೆಗೆ ಎರಡೂ ಕಡೆ ವಾತಾವರಣವಿಲ್ಲ ಎಂಬ ಕಾರಣ ಕೊಟ್ಟು ಸಮರ್ಥಿಸಿದ್ದರು. ಆದರೆ ಡಿಯೆಮ್ ಕಟ್ಟುತ್ತಿದ್ದ ಸರ್ಕಾರದ ಸರ್ವಾಧಿಕಾರಿ ಚಹರೆ ಮೊದಲ ಭೇಟಿಯಲ್ಲೇ ಅವರಿಗೆ ಕಂಡಿತ್ತು. ಅದು ಬಲಿಯುತ್ತ ಬಂದಂತೆ ಸಂಘವನ್ನು ಬಿಟ್ಟು ಹೊರಬಂದರು. 1960ರ ದಶಕದ ಆರಂಭದಿಂದಲೇ ಅವರ ಲೇಖನಗಳು ಒಂದಾದಮೇಲೊಂದರಂತೆ ಬರತೊಡಗಿದವು. ಆಗಿನ್ನೂ ವಿಯೆಟ್ನಾಂನಲ್ಲಿ ಅಮೆರಿಕದ ಕಾಲಾಳುಗಳ ಪಡೆ ಇಳಿದಿರಲಿಲ್ಲ. ಇದ್ದವರು ಸೈನಿಕ ಸಲಹೆಗಾರರು. ವಿದ್ಯಾರ್ಥಿಗಳ ಮೆರವಣಿಗೆಗಳೂ ಶುರುವಾಗಿರಲಿಲ್ಲ.

1965ರ ಏಪ್ರಿಲ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನ ವಾರದ ಮ್ಯಾಗಜೀನ್‌ನಲ್ಲಿ ಪ್ರಕಟವಾದ ಅವರ ಲೇಖನ ವಾದವನ್ನೆಲ್ಲ ಒಂದೆಡೆ ತಂದಿತು. ಯೂರೋಪಿನಲ್ಲಿ ಎದುರಾಳಿಯ ಸೇನೆಯನ್ನು ಒಂದು ಗಡಿರೇಖೆಯ ಮೇಲೆ ತಡೆಯಲು ಸಾಧ್ಯವಿತ್ತು. ಏಷ್ಯಾದಲ್ಲಿ ಚೀನಾದ ಪ್ರಭಾವ ಮುಖ್ಯವಾಗಿ ರಾಜಕೀಯ ಮತ್ತು ಸಾಂಸ್ಕೃತಿಕವಾದುದು. ಸಾವಿರಾರು ವರ್ಷಗಳ ಆ ಹಿರಿಮೆಯನ್ನು ಅದರ ಅಂಚಿನಲ್ಲಿರುವ ಸಣ್ಣ ದೇಶವೊಂದರಲ್ಲಿ ಬಾಂಬು ಹಾಕಿ ತಡೆಯುವುದು ಹೇಗೆ? ಚೀನಾವನ್ನು ಸೈನಿಕವಾಗಿ ಕಟ್ಟಿಹಾಕಲೇಬೇಕೆಂದಿದ್ದರೆ ಚೀನಾದೊಡನೆಯೇ ಯುದ್ಧಕ್ಕೆ ಸಿದ್ಧರಿರಬೇಕು. ಅದಿಲ್ಲದಿದ್ದರೆ ಇದು ಆತ್ಮವಂಚನೆ. ಇನ್ನು ದಕ್ಷಿಣ ವಿಯೆಟ್ನಾಂನಲ್ಲಿ ನಡೆಯುತ್ತಿರುವುದು ಮೂಲತಃ ಅಂತರ್ಯುದ್ಧ. ಜನರ ಬೆಂಬಲವಿಲ್ಲದ ಸರ್ಕಾರವನ್ನು ಹೊರಗಿನ ಸೇನೆ ಗೆಲ್ಲಿಸಿಕೊಡಲಾರದು. ಹೋ ಚಿ ಮಿನ್ ಕಮ್ಯುನಿಸ್ಟ್ ಹೌದು, ಆದರೆ ಯುಗೊಸ್ಲಾವಿಯದ ಟಿಟೊನಂತೆ ಸ್ವತಂತ್ರವಾಗಿ ನಿಲ್ಲಬಲ್ಲ ರಾಷ್ಟ್ರೀಯವಾದಿಯೂ ಹೌದು. ಹಿಂದೆ ಸರಿದರೆ ಪ್ರತಿಷ್ಠೆಗೆ ಕುಂದು ಎಂಬ ವಾದಕ್ಕೆ ಅವರ ಉತ್ತರ ಫ್ರಾನ್ಸ್: ಇಂಡೋಚೀನಾ, ಅಲ್ಜೀರಿಯಗಳನ್ನು ಬಿಟ್ಟು ಬಂದ ಮೇಲೆ ಅದರ ಪ್ರತಿಷ್ಠೆ ಏರಿತೇ ಹೊರತು ಇಳಿಯಲಿಲ್ಲ.

ಈ ವಾದದಲ್ಲಿ ಎಲ್ಲಿಯೂ ಅಹಿಂಸಾವಾದಿಯ ಮೊರೆ ಇಲ್ಲ. ಲಾಭನಷ್ಟದ ಲೆಕ್ಕ ಹಾಕುವ ಮನುಷ್ಯನ ದನಿ ಅದು. ಜಾನ್ಸನ್ ಸರ್ಕಾರವನ್ನು ಕೆರಳಿಸಿದ್ದೂ ಬಹುಶಃ ಅದೇ. ಕವಿಗಳು, ಪಾದ್ರಿಗಳು, ವಿದ್ಯಾರ್ಥಿಗಳು ಯುದ್ಧ ಬೇಡವೆಂದರೆ ಭಾವುಕರೆಂದು ತಳ್ಳಿಹಾಕಬಹುದು. ಅಧಿಕಾರದ ವ್ಯಾಕರಣವನ್ನೇ ಬರೆದವರು ನಿಮ್ಮ ಪ್ರಯೋಗ ತಪ್ಪು ಎಂದರೆ ತಳ್ಳಿಹಾಕುವುದು ಸುಲಭವಲ್ಲ. ರಕ್ಷಣಾ ಇಲಾಖೆಯ ಸಲಹೆಗಾರನ ಸ್ಥಾನದಿಂದ ಅವರನ್ನು 1965ರಲ್ಲಿ ಕೈಬಿಡಲಾಯಿತು.

ಅದೇ ವರ್ಷ ಜೂನ್ 21ರ ರಾತ್ರಿ ಸಿಬಿಎಸ್ ದೂರದರ್ಶನ ಜಾಲದಲ್ಲಿ ರಾಷ್ಟ್ರವ್ಯಾಪಿ ಚರ್ಚೆ. ಸರ್ಕಾರದ ಪರವಾಗಿ ಅಧ್ಯಕ್ಷರ ರಾಷ್ಟ್ರೀಯ ಭದ್ರತಾ ಸಲಹೆಗಾರ ಮ್ಯಾಕ್‌ಜಾರ್ಜ್ ಬಂಡಿ, ವಿರೋಧಿಗಳ ಪರವಾಗಿ ಮಾರ್ಗೆಂಥೋ. ಬಂಡಿ ಹಾರ್ವರ್ಡ್‌ನಲ್ಲಿ ಚಿಕ್ಕ ವಯಸ್ಸಿನಲ್ಲೇ ಡೀನ್ ಆಗಿದ್ದವರು. ಚುರುಕುಬುದ್ಧಿ, ಚಾಟಿಯಂಥ ಮಾತು. ಎದುರಿಗೆ ಜರ್ಮನ್ ಉಚ್ಚಾರದ ಗಂಭೀರ ಇಂಗ್ಲಿಷಿನಲ್ಲಿ ಕಂತುಕಂತಾಗಿ ವಾದ ಮಂಡಿಸುವ 61ರ ಪ್ರಾಧ್ಯಾಪಕ. ಬಂಡಿ ವಿಯೆಟ್ನಾಂ ವಿಷಯವನ್ನು ಬಿಟ್ಟು ವ್ಯಕ್ತಿಯ ಬೆನ್ನುಹತ್ತಿದರು. ಮಾರ್ಷಲ್ ಯೋಜನೆಯ ಬಗ್ಗೆ, ಲಾವೋಸ್ ಬಗ್ಗೆ ಮಾರ್ಗೆಂಥೋ ಹಿಂದೆ ಬರೆದು ಹುಸಿಯಾದ ಭವಿಷ್ಯವಾಣಿಗಳನ್ನು ಮೊದಲೇ ಹುಡುಕಿಸಿಟ್ಟುಕೊಂಡಿದ್ದರು. ಒಂದೊಂದಾಗಿ ಓದಿ ಹೇಳಿದರು. ಲಾವೋಸ್ ವಿಷಯದಲ್ಲಿ ತಾನು ತಪ್ಪಿರಬಹುದು, ಅದರಿಂದ ವಿಯೆಟ್ನಾಂ ವಿಷಯದಲ್ಲಿ ತಪ್ಪು ಎಂದು ಸಿದ್ಧವಾಗುವುದಿಲ್ಲ ಎಂಬರ್ಥದ ಉತ್ತರ ಮಾರ್ಗೆಂಥೋ ಅವರಿಂದ ಬಂತು. ತರ್ಕಬದ್ಧವಾದ ಉತ್ತರ, ದೂರದರ್ಶನದಲ್ಲಿ ತರ್ಕಕ್ಕೆ ಅಂಕ ಕಡಿಮೆ. ಅಂದಿನ ರಾತ್ರಿ ಗೆದ್ದವರು ಬಂಡಿ ಎಂಬುದು ನೋಡಿದವರ ಸಾಮಾನ್ಯ ಅಭಿಪ್ರಾಯವಾಗಿತ್ತು. ತಮ್ಮನ್ನು ಕೇಳದೆ ಈ ಚರ್ಚೆಗೆ ಒಪ್ಪಿದ್ದಕ್ಕೆ ಅಧ್ಯಕ್ಷ ಜಾನ್ಸನ್ ತಮ್ಮ ಸಲಹೆಗಾರನ ಮೇಲೆಯೇ ಸಿಟ್ಟಾಗಿದ್ದರೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ.

ಐದು ವಾರಗಳ ನಂತರ, ಜುಲೈ 28ರಂದು, ವಿಯೆಟ್ನಾಂನಲ್ಲಿನ ಸೈನಿಕರ ಸಂಖ್ಯೆಯನ್ನು 75,000ದಿಂದ 1,25,000ಕ್ಕೆ ಏರಿಸುವುದಾಗಿ ಜಾನ್ಸನ್ ಘೋಷಿಸಿದರು. 1969ರ ಹೊತ್ತಿಗೆ ಅದು ಐದು ಲಕ್ಷ ನಲವತ್ತು ಸಾವಿರವನ್ನು ದಾಟಿತು. 1975ರ ಏಪ್ರಿಲ್ 30ರಂದು ಸೈಗಾನ್ ಪತನವಾಗುವಾಗ ಸತ್ತ ಅಮೆರಿಕನ್ನರು 58,000ಕ್ಕೂ ಹೆಚ್ಚು. ಸತ್ತ ವಿಯೆಟ್ನಾಮಿಗಳು ಲಕ್ಷಗಟ್ಟಲೆ. ಯುದ್ಧವನ್ನು ನಡೆಸಿದ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮ್ಯಾಕ್‌ನಮಾರ 1995ರಲ್ಲಿ ಪ್ರಕಟಿಸಿದ ಆತ್ಮಕಥನದಲ್ಲಿ ತಮ್ಮ ಸರ್ಕಾರ ಎಲ್ಲೆಲ್ಲಿ ಎಡವಿತೆಂದು ಪಟ್ಟಿಮಾಡಿದರು. ವಿಯೆಟ್ನಾಮಿಗಳ ರಾಷ್ಟ್ರೀಯತೆಯನ್ನು ಕಡೆಗಣಿಸಿದ್ದು, ಆಧುನಿಕ ಶಸ್ತ್ರಗಳ ಮಿತಿಯನ್ನು ಅರಿಯದೆ ಹೋದದ್ದು ಆ ಪಟ್ಟಿಯಲ್ಲಿವೆ. ಮೂವತ್ತು ವರ್ಷ ಮೊದಲು ವಾರದ ಮ್ಯಾಗಜೀನ್ ಒಂದರ ಪುಟಗಳಲ್ಲಿ ಯಾರು ಬೇಕಾದರೂ ಓದಬಹುದಾಗಿದ್ದ ಸಂಗತಿಗಳು ಇವು.

ಇದೇ ಅವಧಿಯಲ್ಲಿ ಮಾರ್ಗೆಂಥೋ ಅವರನ್ನು ಹೆಚ್ಚಾಗಿ ಕಾಡಿದ್ದು ವಿದ್ವಾಂಸರ ನಡವಳಿಕೆ. 1959ರಲ್ಲಿ ಕೊಲಂಬಿಯ ವಿಶ್ವವಿದ್ಯಾಲಯದ ಚಾರ್ಲ್ಸ್ ವ್ಯಾನ್ ಡೋರನ್ ಎಂಬ ತರುಣ ಅಧ್ಯಾಪಕ, ದೂರದರ್ಶನದ ಕ್ವಿಜ್ ಕಾರ್ಯಕ್ರಮದಲ್ಲಿ ಉತ್ತರಗಳನ್ನು ಮೊದಲೇ ಪಡೆದು ಗೆದ್ದಿದ್ದಾಗಿ ಒಪ್ಪಿಕೊಂಡಿದ್ದರು. ವಿದ್ಯಾರ್ಥಿಗಳು ಆತನ ಪರ ನಿಂತಾಗ, ಸತ್ಯವೇ ವೃತ್ತಿಯಾದವನು ಸುಳ್ಳಾಡುವುದು ವೈದ್ಯ ವಿಷವಿಕ್ಕಿದಂತೆ ಎಂಬ ಧಾಟಿಯಲ್ಲಿ ಮಾರ್ಗೆಂಥೋ ಬರೆದರು. ಒಂದು ಕ್ವಿಜ್ ಕಾರ್ಯಕ್ರಮಕ್ಕೆ ಇಷ್ಟು ಆವೇಶವೇ ಎಂದು ಆಗ ಹಲವರಿಗೆ ಅನ್ನಿಸಿದ್ದಿರಬಹುದು. ವಿಯೆಟ್ನಾಂ ಕಾಲದಲ್ಲಿ ಖಾಸಗಿಯಾಗಿ ಸಂಶಯ ವ್ಯಕ್ತಪಡಿಸುತ್ತ ಬಹಿರಂಗವಾಗಿ ಯುದ್ಧವನ್ನು ಸಮರ್ಥಿಸಿದ ಪ್ರಾಧ್ಯಾಪಕರನ್ನು ನೋಡಿದ ಮೇಲೆ ಆ ಆವೇಶದ ಅರ್ಥ ಸ್ಪಷ್ಟವಾಯಿತು. ಸರ್ಕಾರದ ಅನುದಾನ, ಸಮಿತಿಗಳ ಸದಸ್ಯತ್ವ, ಅಧ್ಯಕ್ಷರ ಭೋಜನಕೂಟದ ಆಹ್ವಾನ ಇವು ಸೆರೆಮನೆಗಿಂತ ಸಲೀಸಾಗಿ ಬುದ್ಧಿಜೀವಿಯ ಬಾಯಿ ಕಟ್ಟುತ್ತವೆ ಎಂಬುದು ಅವರ ತೀರ್ಮಾನ. ಈ ಕಾಲದ ಪ್ರಬಂಧಗಳು 1970ರಲ್ಲಿ ‘ಟ್ರುತ್ ಅಂಡ್ ಪವರ್’ ಎಂಬ ಹೆಸರಿನಲ್ಲಿ ಪುಸ್ತಕವಾದವು. ಅಧಿಕಾರದ ಎದುರು ಸತ್ಯ ನುಡಿಯುವುದನ್ನು ತಮ್ಮ ನಡತೆಯಿಂದ ಕಲಿಸಿದವರೆಂದು ಅದನ್ನು ಅವರು ಹಾನ್ಸ್ ಕೆಲ್ಸನ್ ಅವರಿಗೆ ಅರ್ಪಿಸಿದರು.

ಹೆನ್ರಿ ಕಿಸಿಂಜರ್ ಅವರ ಹೆಸರು ಇಲ್ಲಿ ಬರಲೇಬೇಕು. ಕಿಸಿಂಜರ್ ಹುಟ್ಟಿದ ಫ್ಯೂರ್ತ್ ಕೋಬರ್ಗ್‌ನಿಂದ ಬಹಳ ದೂರವಿಲ್ಲ. ಅವರೂ ಯಹೂದಿ, ಅವರೂ ನಿರಾಶ್ರಿತ. ಮಾರ್ಗೆಂಥೋ ಬಂದ ಮರುವರ್ಷ ನ್ಯೂಯಾರ್ಕ್‌ಗೆ ಬಂದಿಳಿದ ಹದಿನೈದರ ಹುಡುಗ. ಮಾರ್ಗೆಂಥೋ ಅವರನ್ನು ತಮ್ಮ ಗುರುವೆಂದು ಹೇಳಿಕೊಂಡವರು. ವಿಯೆಟ್ನಾಂ ಬಗ್ಗೆ ಕಿಸಿಂಜರ್ ಅವರ ಒಳಗಿನ ಅಂದಾಜು ಗುರುವಿನ ಅಂದಾಜಿಗಿಂತ ಬಹಳ ಭಿನ್ನವಾಗಿರಲಿಲ್ಲ. ಆದರೆ ಅವರು ಒಳಗಿದ್ದುಕೊಂಡೇ ಪ್ರಭಾವ ಬೀರುವ ದಾರಿ ಹಿಡಿದರು. 1969ರಲ್ಲಿ ನಿಕ್ಸನ್ ಅವರ ಭದ್ರತಾ ಸಲಹೆಗಾರರಾದರು. ಯುದ್ಧ ಇನ್ನೂ ನಾಲ್ಕು ವರ್ಷ ನಡೆಯಿತು, ಕಾಂಬೋಡಿಯಕ್ಕೂ ಹಬ್ಬಿತು. ಪ್ಯಾರಿಸ್ ಒಪ್ಪಂದಕ್ಕಾಗಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಕಿಸಿಂಜರ್ ಅವರ ಚೀನಾ ನೀತಿಯನ್ನು ಮೆಚ್ಚುವವರು ಚೀನಾದ ವಾಸ್ತವವನ್ನು ಒಪ್ಪಿಕೊಳ್ಳಬೇಕೆಂದು ಮಾರ್ಗೆಂಥೋ ಮೊದಲೇ ವಾದಿಸಿದ್ದನ್ನು ನೆನೆಯುವುದಿಲ್ಲ. ಇಬ್ಬರ ಸ್ನೇಹ ಟೀಕೆಗಳ ನಡುವೆಯೂ ಉಳಿಯಿತು. ಇವರಿಬ್ಬರಲ್ಲಿ ಯಾರು ಹೆಚ್ಚು ವಾಸ್ತವವಾದಿ ಎಂಬ ಪ್ರಶ್ನೆಯನ್ನು ಎಂ.ಎ. ಪರೀಕ್ಷೆಯಲ್ಲಿ ಕೇಳಿದರೆ ಆರು ತತ್ವಗಳಿಗಿಂತ ಸ್ವಾರಸ್ಯಕರ ಉತ್ತರಗಳು ಬಂದಾವು.

ಅಣ್ವಸ್ತ್ರಗಳ ವಿಷಯದಲ್ಲಿ ಅವರು ತಮ್ಮದೇ ಸಿದ್ಧಾಂತದ ಗಡಿಯನ್ನು ದಾಟಿದರು ಎನ್ನಬಹುದು. ಬಲವನ್ನು ಗುರಿಯ ಅಳತೆಗೆ ತಕ್ಕಂತೆ ಬಳಸುವುದು ರಾಜನೀತಿಯ ಹಳೆಯ ಸೂತ್ರ. ಗುರಿಯನ್ನೂ ಗುರಿಯಿಟ್ಟವನನ್ನೂ ಒಟ್ಟಿಗೆ ಸುಡುವ ಅಸ್ತ್ರಕ್ಕೆ ಆ ಸೂತ್ರ ಅನ್ವಯಿಸುವುದಿಲ್ಲ. 1961ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ನೆನೆಯುವವರೇ ಉಳಿಯದ ಸಾಮೂಹಿಕ ಸಾವು ಮರಣದ ಅರ್ಥವನ್ನೇ ಕಸಿದು, ತ್ಯಾಗ, ಕೀರ್ತಿ ಎಂಬ ಮಾತುಗಳನ್ನು ಟೊಳ್ಳಾಗಿಸುತ್ತದೆ ಎಂದು ಅವರು ವಾದಿಸಿದರು. ಕೊನೆಯ ವರ್ಷಗಳಲ್ಲಿ ರಾಷ್ಟ್ರಪ್ರಭುತ್ವವೆಂಬ ವ್ಯವಸ್ಥೆಯೇ ಈ ಯುಗಕ್ಕೆ ಸಾಲದು, ಅದನ್ನು ಮೀರಿದ ಅಧಿಕಾರವೊಂದು ಬೇಕು ಎನ್ನುವವರೆಗೂ ಅವರ ಚಿಂತನೆ ಸಾಗಿತ್ತು. ರಾಷ್ಟ್ರೀಯ ಹಿತಾಸಕ್ತಿಯ ಪ್ರವಾದಿ ಎಂದು ಹೆಸರಾದವರ ಮಾತು ಇದು.

1970ರ ದಶಕದಲ್ಲಿ ನ್ಯೂಯಾರ್ಕ್‌ಗೆ ಬಂದು ಸಿಟಿ ಕಾಲೇಜಿನಲ್ಲೂ ಬಳಿಕ ನ್ಯೂ ಸ್ಕೂಲ್‌ನಲ್ಲೂ ಪಾಠ ಹೇಳಿದರು. ಸೋವಿಯತ್ ಒಕ್ಕೂಟದ ಯಹೂದಿಗಳ ವಲಸೆಯ ಹಕ್ಕಿಗಾಗಿ ದುಡಿದರು. ಹಳೆಯ ಗೆಳತಿ, ಚಿಂತಕಿ ಹನ್ನಾ ಅರೆಂಟ್ 1975ರಲ್ಲಿ ತೀರಿಕೊಂಡರು. 1979ರ ಅಕ್ಟೋಬರ್‌ನಲ್ಲಿ ಮುಂಬಯಿ, ಬೀಜಿಂಗ್ ಕಡೆಗೆ ಹೊರಟಿದ್ದ ಸ್ವಿಸ್‌ಏರ್ ವಿಮಾನ ಅಥೆನ್ಸ್‌ನಲ್ಲಿ ಇಳಿಯುವಾಗ ರನ್‌ವೇ ದಾಟಿ ಹೊತ್ತಿಕೊಂಡು 14 ಮಂದಿ ಸತ್ತರು; ಅದರಲ್ಲಿದ್ದ ಮಾರ್ಗೆಂಥೋ ಬದುಕುಳಿದರು. ಅದೇ ವರ್ಷದ ಆರಂಭದಲ್ಲಿ ಚೀನಾ ಮತ್ತು ವಿಯೆಟ್ನಾಂ ಪರಸ್ಪರ ಯುದ್ಧ ಮಾಡಿದ್ದವು. ಹನೋಯ್ ಬೀಜಿಂಗ್‌ನ ಕೈಗೊಂಬೆ ಎಂದು ನಂಬಿ ನಡೆಸಿದ್ದ ಮಹಾಯುದ್ಧದ ಆಧಾರವೇ ಹುಸಿಯಾಗಿತ್ತೆಂಬುದಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ. 1980ರ ಜುಲೈ 19ರಂದು ನ್ಯೂಯಾರ್ಕ್‌ನಲ್ಲಿ, 76ನೇ ವಯಸ್ಸಿನಲ್ಲಿ ಅವರು ನಿಧನರಾದರು. ಅವರ ಶಿಷ್ಯ ಕೆನೆತ್ ಥಾಂಪ್ಸನ್ ‘ಪಾಲಿಟಿಕ್ಸ್ ಅಮಾಂಗ್ ನೇಷನ್ಸ್’ನ ಆರನೇ ಆವೃತ್ತಿಯನ್ನು 1985ರಲ್ಲಿ ಹೊರತಂದರು.

ಸೋವಿಯತ್ ಒಕ್ಕೂಟ ಕುಸಿದು, ಅಮೆರಿಕವೊಂದೇ ಮಹಾಶಕ್ತಿಯಾಗಿ ಉಳಿದ ಮೇಲೆ ವಾಸ್ತವವಾದಿಗಳ ಕಾಲ ಮುಗಿಯಿತೆಂದು ಹಲವರು ಭಾವಿಸಿದ್ದರು. ಅಮೆರಿಕ ಇರಾಕ್ ಮೇಲೆ ಯುದ್ಧಕ್ಕೆ ಸಿದ್ಧವಾಗುತ್ತಿದ್ದ 2002ರ ಸೆಪ್ಟೆಂಬರ್ 26ರಂದು ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಒಂದು ಜಾಹೀರಾತು ಪ್ರಕಟವಾಯಿತು. ಇರಾಕ್ ಯುದ್ಧ ಅಮೆರಿಕದ ರಾಷ್ಟ್ರೀಯ ಹಿತಾಸಕ್ತಿಗೆ ವಿರುದ್ಧವೆಂದು ವಾದಿಸಿದ ಅದಕ್ಕೆ ಅಂತರರಾಷ್ಟ್ರೀಯ ಸಂಬಂಧಗಳ 33 ವಿದ್ವಾಂಸರು ಸಹಿ ಹಾಕಿದ್ದರು. ಕೆನೆತ್ ವಾಲ್ಟ್ಜ್, ಸ್ಟೀಫನ್ ವಾಲ್ಟ್, ಮಾರ್ಗೆಂಥೋ ಪಾಠ ಹೇಳಿದ್ದ ಷಿಕಾಗೊದ ಅದೇ ವಿಭಾಗದ ಜಾನ್ ಮಿಯರ್‌ಶೈಮರ್ ಅವರಲ್ಲಿದ್ದರು. ಬಹುಪಾಲು ವಾಸ್ತವವಾದಿಗಳೆಂದೇ ಗುರುತಿಸಿಕೊಂಡವರು. ಸಂಪಾದಕೀಯ ಪುಟದಲ್ಲಿ ಲೇಖನವಾಗಿ ಬರಬಹುದಾಗಿದ್ದ ವಾದ ಅದು. ಅಮೆರಿಕದ ಸೇನೆ ಇರಾಕ್ ಪ್ರವೇಶಿಸಿದ್ದು 2003ರ ಮಾರ್ಚ್‌ನಲ್ಲಿ.